ಕಪ್ಪು ರಂಧ್ರಕ್ಕೆ ಜೇಬಿಲ್ಲ

“ಇನ್ನು ಮೇಲೆ ನಾನು ಜಗತ್ತಿನ ಜೊತೆಗೇ ಮಾತಾಡೋದು” ಎಂದು ದರ್ಜಿ ಹೆಂಡತಿಗೆ ಸಾರಿದ.

ಪಕ್ಕದ ಕನ್ನಡಕದಂಗಡಿಯ ಗೆಳೆಯ ತೀರಿಕೊಂಡ ಮೇಲೆ ಅವನ ಬಾಯಿಗೆ ಕೆಲಸವೇ ಇಲ್ಲದಂತಾಗಿತ್ತು. ಗಿರಾಕಿಗಳು ಬರುತ್ತಿದ್ದರು, ಸೊಂಟದ ಅಳತೆ ಕೊಟ್ಟು ಹೋಗುತ್ತಿದ್ದರು. ಸಿನಿಮಾ, ಯುದ್ಧ, ನಕ್ಷತ್ರ ಎಂದು ಒಂದು ಲೋಟ ಚಹಾದಲ್ಲಿ ಮೂರು ಲೋಕ ಸುತ್ತಿಸುತ್ತಿದ್ದವನು ಆ ಗೆಳೆಯನೊಬ್ಬನೇ. ಈಗ ಲೋಟ ಬೇಗ ಖಾಲಿಯಾಗುತ್ತಿತ್ತು, ಹೊತ್ತು ಮಾತ್ರ ಖಾಲಿಯಾಗುತ್ತಿರಲಿಲ್ಲ.

ಹಾಗಾಗಿ ದರ್ಜಿ ಫೋನಿನಲ್ಲಿ ಅಪರಿಚಿತರ ಹರಟೆಯ ಗುಂಪೊಂದನ್ನು ‘ಸೂಜಿಗಣ್ಣು’ ಎಂಬ ಹೆಸರಿನಲ್ಲಿ ಸೇರಿದ. ಕೈ ಬಟ್ಟೆಯಲ್ಲಿ, ಕಾಲು ಪೆಡಲಿನ ಮೇಲೆ ಇರುವವನು ಟೈಪು ಮಾಡುವುದಾದರೂ ಹೇಗೆ? ಬಂದ ಮಾತನ್ನು ಫೋನೇ ಓದಿ ಹೇಳುವಂತೆ, ಇವನು ಆಡಿದ್ದನ್ನು ತಾನೇ ಬರೆದು ಕಳಿಸುವಂತೆ ಏರ್ಪಾಡು ಮಾಡಿ ಅದನ್ನು ಮಿಷನ್ನಿನ ಪಕ್ಕ ನಿಲ್ಲಿಸಿದ. ಅಂಗಡಿಯೊಳಗಿನ ಬಟ್ಟೆ ಪರದೆಯ ಹಿಂದೆ ಗುಂಡಿ ಹಚ್ಚುತ್ತ ಕೂತ ಹೆಂಡತಿಯ ದನಿಯೂ ಫೋನಿಗೆ ಕೇಳಿಸುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಮೂರು ಗಂಟೆ ಓಡುವ ಹೊಸ ಸಿನಿಮಾ ಹೇಗಿದೆ ಎಂದು ಯಾರೋ ಕೇಳಿದರು. ಚಿತ್ರರಂಗದ ಸಮಗ್ರ ಇತಿಹಾಸಕ್ಕೆಂದು ದರ್ಜಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಒಂದು ಲಂಗ ಹಿಡಿದು ಒಳಗಿನಿಂದ ಹೇಳಿದಳು: “ಉದ್ದ ಜಾಸ್ತಿ ಆಯ್ತು. ಮೊಣಕಾಲಿಗೇ ಕತ್ತರಿಸಿಬಿಡಿ.”

ಎರಡು ದೇಶಗಳ ಗಡಿ ಜಗಳ ಬಂತು. ದರ್ಜಿ ಒಪ್ಪಂದಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಶಾಲಿಗಾಗಿ ಕಿತ್ತಾಡುತ್ತಿದ್ದ ಇಬ್ಬರು ಗಿರಾಕಿಗಳಿಗೆ ಅವಳೆಂದಳು: “ಎರಡೂ ಕಡೆಯಿಂದ ಎಳೀಬೇಡಿ. ಅಂಚೇ ಹರಿದುಹೋಗುತ್ತೆ.”

ಕಪ್ಪು ರಂಧ್ರದೊಳಗೆ ಏನಿದೆ ಎಂದು ಇನ್ನೊಬ್ಬರು ಕೇಳುವ ಹೊತ್ತಿಗೆ ಅವಳು ಯಾರದೋ ಕರಿ ಪ್ಯಾಂಟು ತಿರುವಿ ಹಾಕುತ್ತಿದ್ದಳು. “ಒಳಗೆ ಕೈ ಹಾಕಿ ನೋಡಿದೆ ಕಣ್ರೀ. ಜೇಬೇ ಇಲ್ಲ. ಬಿದ್ದದ್ದು ಹೋಯ್ತು ಅಂತಲೇ ಲೆಕ್ಕ.”

ಚಪ್ಪಾಳೆಯ ಮೇಲೆ ಚಪ್ಪಾಳೆ. ಗುಂಪಿನ ವಿಜ್ಞಾನದ ಮೇಷ್ಟ್ರು, ಇದನ್ನು ನಾಳೆ ತರಗತಿಯಲ್ಲೇ ಹೇಳುತ್ತೇನೆ ಎಂದರು. ನಡುನಡುವೆ ತಾನೂ ಒಂದೆರಡು ಮಾತು ಸೇರಿಸಿದ್ದ ದರ್ಜಿ, ತನ್ನ ಪಾಂಡಿತ್ಯವನ್ನು ಲೋಕ ಕೊನೆಗೂ ಗುರುತಿಸಿತೆಂದು ಕತ್ತರಿ ಕೆಳಗಿಟ್ಟು ಮೀಸೆ ನೇವರಿಸಿಕೊಂಡ.

ಮರುದಿನ ಹೆಂಡತಿ ನೂಲು ತರಲು ಹೋದಾಗ ಬ್ರಹ್ಮಾಂಡದ ಹುಟ್ಟಿನಿಂದ ಶುರುಮಾಡಿ ಒಂದು ಕೋಟು ಹೊಲಿದು ಮುಗಿಯುವವರೆಗೆ ಉಪನ್ಯಾಸ ಕೊಟ್ಟ. ಗುಂಪಿನಲ್ಲಿ ಉಸಿರಿಲ್ಲ. ಕೊನೆಗೆ ಫೋನು ಮೇಷ್ಟ್ರ ಮಾತನ್ನು ಓದಿತು: “ಸೂಜಿಗಣ್ಣು ಅವರೇ, ಹುಷಾರಾಗಿದ್ದೀರಾ? ಇವತ್ತು ನಿಮ್ಮ ಫೋನು ಬೇರೆ ಯಾರದೋ ಕೈಗೆ ಸಿಕ್ಕ ಹಾಗಿದೆ.”

ದರ್ಜಿ ಗಾಬರಿಯಿಂದ ಹಳೆಯ ಮಾತುಗಳನ್ನೆಲ್ಲ ಮೇಲಿನಿಂದ ಓದಿದ. ಚಪ್ಪಾಳೆ ಬಿದ್ದ ಮಾತೆಲ್ಲ ಹೆಂಡತಿಯದೇ! ಮುಖ ನೀರಿಗೆ ಹಾಕಿದ ಹೊಸ ಬಟ್ಟೆಯಂತೆ ಕುಗ್ಗಿತು.

ಹೆಂಡತಿ ಬಂದ ಮೇಲೆ ಪರದೆ ಸರಿಸಿ ಹೋಗಿ ಎಲ್ಲ ಹೇಳಿದ. ಇದ್ದ ನಾಲ್ಕು ಜನರೂ ಕೈತಪ್ಪಿದರೆ ಮತ್ತೆ ಗೋಡೆಯ ಜೊತೆ ಮಾತಾಡಬೇಕಾಗುತ್ತದೆ, ನೀನೇ ಬಂದು ಎರಡು ಮಾತಾಡು ಎಂದು ಗೋಗರೆದ. ಅವಳು ಸೂಜಿ ಬಿದ್ದದ್ದೂ ತಿಳಿಯದಂತೆ ನಕ್ಕಳು.

“ಗುರುತಿಲ್ಲದವರ ಹತ್ರ ನಾನೇನು ಮಾತಾಡಲಿ? ಕನ್ನಡಕದ ಅಣ್ಣ ಆಗಿದ್ರೆ ಬೇರೆ ಮಾತು.”

“ಅವನು ನಿನ್ನ ಹತ್ರ ಯಾವಾಗ ಮಾತಾಡ್ತಿದ್ದ?”

“ನೀವು ಅಳತೆ ತಗೊಳ್ಳೋಕೆ ಹೊರಗೆ ನಿಂತಾಗೆಲ್ಲ. ನೀವು ಹೇಳಿದ್ದನ್ನ ಇಲ್ಲಿಗೆ ತಂದು, ಇದಕ್ಕೆ ನೀನೇನಂತೀಯಮ್ಮ ಅಂತ ಕೇಳ್ತಿದ್ರು. ನಾನು ಅಂದದ್ದನ್ನ ಹೋಗಿ ನಿಮಗೆ ಹೇಳ್ತಿದ್ರು.”

ಗೆಳೆಯನ ಯಾವ ಮಾತು ನೆನೆದು ತಾನು ಇಷ್ಟು ದಿನ ಕಣ್ಣೊರೆಸಿಕೊಂಡಿದ್ದನೋ ಅದರಲ್ಲಿ ಅರ್ಧ ಈ ಪರದೆಯ ಹಿಂದಿನದು! ಆ ಕಳ್ಳನನ್ನು ಬೈಯಲೂ ಆಗದೆ, ಅಳಲೂ ಆಗದೆ ದರ್ಜಿ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತ. ಮೂಗು ಒರೆಸಿಕೊಂಡು, ಇಷ್ಟು ವರ್ಷದಲ್ಲಿ ಮೊದಲ ಸಲ ಅವಳನ್ನು ಕೇಳಿದ: “ಸರಿ, ನೀನೇ ಹೇಳು. ಈ ಜಗತ್ತು ಎಲ್ಲಿಗೆ ಹೋಗ್ತಾ ಇದೆ?”

ಅವಳು ಹೊಸ ನೂಲು ಪೋಣಿಸಿದಳು.

“ಹೇಳ್ತೀನಿ. ನಡುವೆ ಬಾಯಿ ಹಾಕಬಾರದು.”