ಕಾನೋದಿಂದ ಬಂದ ಹೊಲಿಗೆ ಯಂತ್ರಕ್ಕೆ, ಬೈಯದೆ ಬರೆದದ್ದು

ಮಾನ್ಯ ಹೊಲಿಗೆ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ, ಜಾರಿಯಾ ಊರಿನ ಕೋಟೆಯೊಳಗೆ ಕುದುರೆಗಳ ಜೀನು ಹೊಲಿದು ಬದುಕುವ ಟಂಕೋ ಮಾಡುವ ಅನಂತ ಸಲಾಮುಗಳು. ತಮ್ಮ ಚಕ್ರ, ತಮ್ಮ ಪಟ್ಟಿ, ತಮ್ಮ ಸೂಜಿ ಮತ್ತು ತಮ್ಮ ಹೊಟ್ಟೆಯೊಳಗಿರುವ, ನನಗೆ ಇನ್ನೂ ಹೆಸರು ತಿಳಿಯದ ಸಮಸ್ತ ಅಂಗಾಂಗಗಳೂ ಕುಶಲವೆಂದು ನಂಬಿದ್ದೇನೆ. ಇಲ್ಲಿ ನನ್ನ ಹೆಂಡತಿ ಕಂದೆ, ನಮ್ಮ ಡೇಲು ಅತ್ತೆ ಮತ್ತು ನಾನು ಕ್ಷೇಮ. ನಾನು ಕ್ಷೇಮವೆಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಕಾರಣ ಮುಂದೆ ಬರುತ್ತದೆ. ನನ್ನಿಂದ ಒಂದು ಮೊಳ ದೂರದಲ್ಲಿ ಬಟ್ಟೆ ಹೊದ್ದು ಕೂತಿರುವ ತಮಗೆ ಪತ್ರವೇಕೆ ಎಂದು ತಾವು ಕೇಳಬಹುದು. ಬಾಯಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿದಿದೆ, ಸ್ವಾಮಿ. ಇದನ್ನು ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ, ಓದಬಲ್ಲವರು ಓದಲಿ, ಓದಲಾರದವರಿಗೆ ಕೂಗಿ ಹೇಳಲಿ.

ತಮ್ಮನ್ನು ನನಗೆ ಮಾರಿದ ಪುಣ್ಯಾತ್ಮ ಕಾನೋ ನಗರದ ಅಲ್ಹಾಜಿ ಡನ್‌ಲಾಮಿ; ಚರ್ಮ, ದಾರ, ಅಂಟು, ಬಕಲ್ಲು, ಹಳೆಯ ಯಂತ್ರ, ಯಾವುದು ಬೇಕೆಂದರೂ ಅವನಲ್ಲಿ ಉಂಟು, ಬೇಕಾದ ಹಾಗಿರುವುದು ಮಾತ್ರ ಇಲ್ಲ. ತಮ್ಮ ಬೆನ್ನು ತಟ್ಟಿ ಅವನು ಅಂದು ಹೇಳಿದ ಮಾತು ತಮಗೂ ನೆನಪಿರಬೇಕು: "ಇದು ಆನೆ ಚರ್ಮಾನೂ ಹೊಲಿಯುತ್ತೆ ಕಣೋ ಟಂಕೋ, ನಿಮ್ಮ ಜಾರಿಯಾದವರ ಮುಖದ ಚರ್ಮ ಒಂದು ಬಿಟ್ಟು." ಹಾಗೆಂದವನೇ ನನ್ನ ತಲೆಯ ಟೋಪಿ ಕಿತ್ತು ತಾನು ಹಾಕಿಕೊಂಡ. ನಾನು ಅವನ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಬಂದೆ. ಇದರಲ್ಲಿ ಜಗಳವೇನೂ ಇಲ್ಲ. ಕಾನೋದವರಿಗೂ ಜಾರಿಯಾದವರಿಗೂ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನಂಟು: ಅವರು ನಮ್ಮನ್ನು ತಮ್ಮ ದಾಸರು ಅನ್ನಬೇಕು, ನಾವು ಅವರನ್ನು ನಮ್ಮ ದಾಸರು ಅನ್ನಬೇಕು, ಬೈದಷ್ಟೂ ಪ್ರೀತಿ ಹೆಚ್ಚು, ಸಿಟ್ಟು ಮಾಡಿಕೊಂಡವನು ಸೋತ. ತಾವೂ ಕಾನೋದವರೇ ಆದ್ದರಿಂದ ತಮ್ಮ ಮೇಲೆ ಕೋಪಿಸಿಕೊಳ್ಳುವ ಹಕ್ಕು ನನಗಿಲ್ಲವೆಂಬುದನ್ನು ಬಂದ ದಿನದಿಂದಲೂ ತಾವು ಚೆನ್ನಾಗಿ ಬಳಸಿಕೊಂಡಿದ್ದೀರಿ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ತೆಳುವಾದ ಚರ್ಮದ ಮೇಲೆ ತಾವು ಓಡುವ ಅಂದವೇನು, ದಪ್ಪ ಬಂದೊಡನೆ ಒಂದು ಹೊಲಿಗೆ ಹಾಕಿ ಮೂರು ಬಿಟ್ಟು ಸುಧಾರಿಸಿಕೊಳ್ಳುವ ಠೀವಿಯೇನು! ಕಪ್ಪು ಚರ್ಮವಿಟ್ಟರೆ ಒಂದು ಹನಿ ಎಣ್ಣೆಯನ್ನೂ ಚೆಲ್ಲದ ತಾವು, ಬಿಳಿ ಚರ್ಮ ಕಂಡೊಡನೆ ಮನಬಿಚ್ಚಿ ಚೆಲ್ಲುವ ಉದಾರತೆಯನ್ನು ಯಾರಿಂದ ಕಲಿತಿರೋ. ಕರೆಂಟು ಇಲ್ಲದ ಹೊತ್ತಿನಲ್ಲಿ ತಮ್ಮ ಆರೋಗ್ಯ ಉತ್ತಮ; ಕರೆಂಟು ಬಂತೋ, ತಮಗೆ ಕೆಮ್ಮು. ರಿಪೇರಿಯ ಇನುವಾ ತಮ್ಮನ್ನು ಬಿಚ್ಚಿದಾಗಲೆಲ್ಲ ಒಂದು ತುಂಡನ್ನು ಹೊರಗೇ ಉಳಿಸಿ, "ಇದು ಹೆಚ್ಚಿಗೆ ಇರೋದು ಮಾಲಾಂ ಸಾಹೇಬ್ರೇ, ತೆಗೆದ್ರೆ ಮಿಷನ್ನು ಹಗುರಾಗುತ್ತೆ" ಅನ್ನುತ್ತಾನೆ. ಹಾಗೆ ಹಗುರಾದ ತುಂಡುಗಳೇ ಒಂದು ಬಟ್ಟಲು ತುಂಬಿವೆ. ಅಷ್ಟನ್ನು ಕಳೆದುಕೊಂಡೂ ತಾವು ಕೆಲಸ ಮಾಡದಿರುವ ಶಕ್ತಿಯನ್ನು ಕಳೆದುಕೊಂಡಿಲ್ಲ.

ತಮ್ಮ ತವರಿನಿಂದ ಬರುವ ಸಾಮಾನುಗಳೂ ತಮಗೆ ತಕ್ಕವೇ. ಚರ್ಮಕ್ಕೆ ದಾರ ಬೇಕೆಂದರೆ ಅಕ್ಕಿ ಮೂಟೆಯ ಬಾಯಿ ಹೊಲಿಯುವ ದಾರ ಬಂತು. ತಮಗೆ ಸೂಜಿ ಬೇಕೆಂದರೆ ಮದುವಣಗಿತ್ತಿಯ ರವಿಕೆಗೆ ತಕ್ಕ ಸೂಜಿ ಬಂತು. ಕೆಂಪು ಮೇಕೆ ಚರ್ಮ ಬಂತು ನಿಜ, ಆದರೆ ಸುಲಿದವನ ಚಾಕು ಎಲ್ಲೆಲ್ಲಿ ಅಲೆದಿತ್ತೋ, ಎತ್ತಿ ಹಿಡಿದರೆ ಎದುರುಮನೆಯವರು ಊಟಕ್ಕೆ ಕೂತದ್ದು ಕಾಣುತ್ತಿತ್ತು. ಹಿತ್ತಾಳೆಯ ಬಕಲ್ಲುಗಳು ಕುದುರೆ ಮೊದಲ ಸಲ ಬೆವರಿದಾಗಲೇ ಹಸಿರಾದವು. ಅಂಟಿನ ಡಬ್ಬಿ ತೆರೆದರೆ ಒಳಗೆ ಕಲ್ಲು. ಅದನ್ನು ಡೇಲು ಅತ್ತೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡಲು ಒಯ್ದರು, ಆ ಕೆಲಸವನ್ನು ಅದು ಇವತ್ತಿಗೂ ನಿಷ್ಠೆಯಿಂದ ಮಾಡುತ್ತಿದೆ.

ದೂರು ಹೇಳಲಿಲ್ಲವೇ ಎಂದು ತಾವು ಕೇಳಬಾರದು. ಫೋನಿನಲ್ಲಿ ಎಷ್ಟು ಸಲ ಕೂಗಿದೆನೋ ತಾವೇ ಸಾಕ್ಷಿ. "ಲೋ ಡನ್‌ಲಾಮಿ, ನಮ್ಮಜ್ಜನ ದಾಸ, ನೀನು ಕಳಿಸಿರೋ ದಾರ ಉಸಿರು ಬಿಟ್ರೆ ಹರಿಯುತ್ತೆ, ಇದರಲ್ಲಿ ನಿನ್ನ ಬಾಯಾದ್ರೂ ಹೊಲಿಯೋಣ ಅಂದ್ರೆ ಅದಕ್ಕೂ ಆಗಲ್ವಲ್ಲೋ!" ಎಂದು ಹೊಟ್ಟೆಯುರಿದು ಹೇಳಿದರೆ, ಆ ಕಡೆಯಿಂದ ಅವನೊಬ್ಬನದಲ್ಲ, ಇಡೀ ಮಾರುಕಟ್ಟೆಯ ನಗು ಕೇಳಿಸುತ್ತಿತ್ತು. "ಇನ್ನೊಂದ್ಸಲ ಹೇಳೋ, ನಮ್ಮ ಚರ್ಮದ ಸಾಹುಕಾರ್ರು ಕೇಳಿಲ್ಲ!" ನಾನು ಕೆರಳಿದಷ್ಟೂ ಅವನಿಗೆ ನಾನು ಬಲು ಚೆನ್ನಾಗಿ ಗೇಲಿ ಮಾಡುವವನಾದೆ. ಸತ್ಯವನ್ನೇ ಹೇಳುತ್ತಿದ್ದೆ, ಸ್ವಾಮಿ, ಆದರೆ ಜಾರಿಯಾದವನ ಬಾಯಿಂದ ಕಾನೋದವನ ಕಿವಿಗೆ ಸತ್ಯ ಹೋಗಲು ದಾರಿಯೇ ಇಲ್ಲ.

ಹೀಗೆಯೇ ನಗುತ್ತ ಕಾಲ ಕಳೆಯಬಹುದಿತ್ತು, ಹಬ್ಬ ಹತ್ತಿರ ಬರದಿದ್ದರೆ. ಹಬ್ಬದ ಕುದುರೆ ಮೆರವಣಿಗೆಯಲ್ಲಿ ಅರಮನೆಯ ಹಿರಿಯ ಸವಾರ ಅಲ್ಹಾಜಿ ಯೂನುಸಾ ಅವರ ಕುದುರೆಗೆ ಜೀನಿನ ಹೊದಿಕೆ, ಎದೆಪಟ್ಟಿ, ಹಣೆಪಟ್ಟಿ ಹೊಲಿಯುವುದು ನನ್ನ ಅಜ್ಜನ ಕಾಲದಿಂದ ನಮ್ಮ ಮನೆಯ ಕೆಲಸ. ನನ್ನ ತಂದೆ ಕಣ್ಣು ಮಂಜಾದ ಮೇಲೂ ಬೆರಳಲ್ಲಿ ತಡವಿ ತಡವಿ ಆ ಪಟ್ಟಿಗಳನ್ನು ಹೊಲಿದದ್ದನ್ನು ನೋಡಿದ್ದೇನೆ. ಆ ಹಿರಿಯರು ಒಂದು ದಿನ ಅಂಗಡಿಗೆ ಬಂದು, ತಮ್ಮ ಬಾಯಿಂದ ನೇತಾಡುತ್ತಿದ್ದ ಅರೆಬರೆ ಹೊದಿಕೆಯನ್ನು ನೋಡಿ, ದನಿ ಏರಿಸದೆ ಹೇಳಿದರು: "ಟಂಕೋ, ಹಬ್ಬಕ್ಕೆ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಪ್ಪ. ಮುಂದಿನ ಸಲದಿಂದ ಕಾನೋದಲ್ಲೇ ಮಾಡಿಸ್ತೀನಿ." ಅಜ್ಜನ ಕೆಲಸ ನನ್ನ ಕಾಲಕ್ಕೆ, ಅದೂ ಕಾನೋದವರ ಕೈಗೆ ಹೋಗುವುದೆಂದರೆ, ಆ ನಗುವನ್ನು ನನ್ನ ಮೊಮ್ಮಕ್ಕಳೂ ಕೇಳಬೇಕಾಗುತ್ತಿತ್ತು.

ಆಗ ಕಂದೆ ಒಂದು ಉಪಾಯ ಹೇಳಿದಳು. "ಯಜಮಾನ್ರೇ, ಒಂದೇ ಒಂದ್ಸಲ ಬೈಯದೆ ಮಾತಾಡಿ ನೋಡಿ." ಸರಿ, ಗಂಟಲು ಸರಿಮಾಡಿಕೊಂಡು, ನನ್ನ ಜನ್ಮದಲ್ಲಿ ಎಂದೂ ಆಡದ ಮೆತ್ತನೆಯ ದನಿಯಲ್ಲಿ ಫೋನಿನ ಧ್ವನಿ ಸಂದೇಶಕ್ಕೆ ಹೇಳತೊಡಗಿದೆ: "ಮಾನ್ಯ ಅಲ್ಹಾಜಿಯವರೇ, ತಮ್ಮಿಂದ ನನಗೆ ಬಹಳ ಉಪಕಾರವಾಗಿದೆ. ನನ್ನ ಮಾತಿನಿಂದ ಎಂದಾದರೂ ತಮ್ಮ ಮನಸ್ಸಿಗೆ ನೋವಾಗಿದ್ದರೆ ದಯವಿಟ್ಟು ಕ್ಷಮಿಸಿಬಿಡಿ. ನನಗೆ ಇನ್ನು ಹೆಚ್ಚು ಸಮಯವಿಲ್ಲ..." ಹಬ್ಬಕ್ಕೆ ಸಮಯವಿಲ್ಲ, ಒಳ್ಳೆಯ ದಾರ ಕಳಿಸಿ ಎಂದು ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಅಲ್ಲಿಯವರೆಗಿನ ಮಾತು ಹೇಗೋ ಅವನಿಗೆ ಮುಟ್ಟಿತು. ಊರಿಗೆ ಊರೇ ಕರೆಂಟಿಲ್ಲದೆ ಫೋನು ಮಾರನೆಯ ದಿನವೂ ಮೂಕವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಜನರೇಟರ್ ಇದ್ದ ಅಂಗಡಿಯಲ್ಲಿ ಫೋನು ಚಾರ್ಜಿಗೆ ಹಾಕಿಸಿಕೊಂಡು ಮರಳಿ ಬರುತ್ತೇನೆ, ನನ್ನ ಅಂಗಡಿಯ ಮುಂದೆ ಚಾಪೆ ಹಾಸಿದೆ, ಜನ ತಲೆ ತಗ್ಗಿಸಿ ಕೂತಿದ್ದಾರೆ. ಬೀದಿಯಲ್ಲಿ ಯಾರೋ ತೀರಿಕೊಂಡರೆಂದುಕೊಂಡೆ. ಚಪ್ಪಲಿ ಬಿಟ್ಟು, ಚಾಪೆಯ ಅಂಚಿನಲ್ಲಿ ಕೂತು, ಎಲ್ಲರಂತೆ ಅಂಗೈ ತೆರೆದು ಸತ್ತವರಿಗಾಗಿ ಬೇಡಿಕೊಂಡು, ಆಮೀನ್ ಎಂದು ಮುಖ ಸವರಿಕೊಂಡ ಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳಿದೆ: "ಯಾರು ಹೋದದ್ದು?"

"ಟಂಕೋ," ಎಂದರು ಅವರು, ತಲೆಯೆತ್ತದೆ. "ಜೀನು ಹೊಲೀತಿದ್ನಲ್ಲ, ಅವನು. ಬೆಳಿಗ್ಗೆ ತಾನೇ ನೋಡಿದ್ದೆ, ಚೆನ್ನಾಗೇ ಇದ್ದ. ಏನ್ ಹೇಳ್ತೀರ, ಸಾವಿಗೆ ಹೊತ್ತು ಗೊತ್ತು ಇದ್ಯಾ?"

"ಬಾಯಿ ಸ್ವಲ್ಪ ಜಾಸ್ತಿ," ಎಂದರು ಇನ್ನೊಬ್ಬರು. "ಆದ್ರೆ ಕೈ ಬಂಗಾರ."

ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಬೀದಿಯಲ್ಲಿ ಎಂದೂ ಕೇಳಿರಲಿಲ್ಲವಾದ್ದರಿಂದ, ನಿಜ ಹೇಳುತ್ತೇನೆ, ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಳಗಿದ್ದ ಕಂದೆ ಪಕ್ಕದ ಮನೆಯಲ್ಲಿ ಯಾರೋ ಹೋದರೆಂದು ತಿಳಿದು ಬಂದವರಿಗೆಲ್ಲ ನೀರು ಕಳಿಸುತ್ತಿದ್ದಳು. ಚಾಪೆಯ ನಡುವೆ, ಸಾವಿನ ಮನೆಯಲ್ಲಿ ಹಂಚಲೆಂದು ತಂದ ಕೋಲಾ ಕಾಯಿಯ ಬುಟ್ಟಿ ಮತ್ತು ಅಕ್ಕಿ ಮೂಟೆಯ ಪಕ್ಕದಲ್ಲಿ, ನನ್ನದೇ ಟೋಪಿ ಹಾಕಿಕೊಂಡು, ಕಣ್ಣು ಊದಿಸಿಕೊಂಡು ಕೂತಿದ್ದವನು ಡನ್‌ಲಾಮಿ. ಕಾನೋದಿಂದ ತನ್ನ ನಾಲ್ವರು ಹೊಲಿಗೆಯವರನ್ನು ಗಾಡಿಯಲ್ಲಿ ತುಂಬಿಕೊಂಡು ಬಂದಿದ್ದ. "ನನ್ನ ಹತ್ರ ಕ್ಷಮೆ ಕೇಳ್ದ ಕಣ್ರಯ್ಯ," ಎಂದು ಎಲ್ಲರಿಗೂ ಹೇಳುತ್ತಿದ್ದ. "ಟಂಕೋ! ನನ್ನ ಹತ್ರ! 'ಮಾನ್ಯರೇ' ಅಂದ. ಇನ್ನು ಸಮಯ ಇಲ್ಲ ಅಂದ. ವಾಪಸ್ ಫೋನ್ ಮಾಡಿದ್ರೆ ಸುದ್ದಿ ಇಲ್ಲ."

ಆಮೇಲೆ ಅವನು ತಲೆಯೆತ್ತಿ ನನ್ನನ್ನು ಕಂಡ. ಆ ಮುಖವನ್ನು ತಾವು ನೋಡಬೇಕಿತ್ತು, ಮಹಾಶಯರೇ. ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು. "ನಾಚಿಕೆ ಆಗಲ್ವೇನೋ! ದಾರಿ ಉದ್ದಕ್ಕೂ ಅತ್ಕೊಂಡ್ ಬಂದಿದ್ದೀನಿ, ನನ್ನ ಕಣ್ಣೀರು ವಾಪಸ್ ಕೊಡೋ! ಜಾರಿಯಾದವರಿಗೆ ಒಂದು ಸಾವೂ ನೆಟ್ಟಗೆ ಸಾಯೋಕೆ ಬರಲ್ಲ!" "ನಿನ್ನ ದಾರದಲ್ಲಿ ನೇಣು ಹಾಕ್ಕೊಂಡೆ ಕಣೋ, ಹರಿದುಹೋಯ್ತು!" ಎಂದೆ ನಾನು. ಅವನು ನನ್ನನ್ನು ತಬ್ಬಿಕೊಂಡು ಮತ್ತೆ ಅತ್ತ. ನಾನೂ ಅತ್ತೆ. ಪ್ರಾರ್ಥನೆ ಮಾಡಿದ್ದ ನೆರೆಯವರು ಸ್ವಲ್ಪ ಮುನಿಸಿನಿಂದಲೇ ಕೋಲಾ ಕಾಯಿ ಹಂಚಿಕೊಂಡು ಮನೆಗೆ ಹೋದರು.

ಅವನು ಒಳಗೆ ಬಂದು, ತಮ್ಮ ಬಾಯಲ್ಲಿ ಸಿಕ್ಕಿಕೊಂಡಿದ್ದ ಹೊದಿಕೆಯನ್ನೂ ಮೂಲೆಯಲ್ಲಿದ್ದ ಅಕ್ಕಿ ಮೂಟೆ ಹೊಲಿಯುವ ದಾರವನ್ನೂ ಕಂಡು ನಿಂತುಬಿಟ್ಟ. "ಅಯ್ಯೋ. ಇಷ್ಟು ದಿನ ನೀನು ನಿಜವಾಗ್ಲೂ ದೂರು ಹೇಳ್ತಿದ್ಯಾ?" ಅಲ್ಹಾಜಿ ಯೂನುಸಾ ಹೇಳಿದ್ದನ್ನೂ ತಿಳಿಸಿದೆ. ಈ ಕೆಲಸ ಕಾನೋಗೆ ಬಂದರೆ ಬರುವುದು ತನ್ನ ಹೊಲಿಗೆಯವರಿಗೇ ಎಂಬುದು ಅವನಿಗೆ ತಿಳಿಯದ್ದಲ್ಲ. ತೋಳು ಮಡಿಸಿ ಕೆಳಗೆ ಕೂತ. "ನಿನ್ನ ಕೆಲ್ಸ ನಮ್ಮೂರಿಗೆ ಬಂದ್ರೆ ನಾನು ಯಾರನ್ನ ಬೈಲಿ? ದಬ್ಬಳ ಕೊಡು." ಯಂತ್ರದ ದಾರವಿಲ್ಲದಿದ್ದರೇನು, ಮೇಕೆ ಚರ್ಮವನ್ನೇ ಎಳೆಯಾಗಿ ಸೀಳಿ, ನನ್ನ ತಂದೆ ಹೊಲಿಯುತ್ತಿದ್ದಂತೆ ಕೈಯಲ್ಲೇ ಹೊಲಿದೆವು. ಎಡಗಡೆ ಕಾನೋ, ಬಲಗಡೆ ಜಾರಿಯಾ. ಸತ್ತವನ ಅಕ್ಕಿಯನ್ನು ಸತ್ತವನ ಹೆಂಡತಿಯೇ ಬೇಯಿಸಿ ಬಡಿಸಿದಳು. ಅವರು ನಮ್ಮನ್ನು ಬೈದರು, ನಾವು ಅವರನ್ನು ಬೈದೆವು. ಅಷ್ಟು ನಗುತ್ತ ನಾನು ಎಂದೂ ಹೊಲಿದವನಲ್ಲ. ಆ ಹೊತ್ತೆಲ್ಲ ತಾವು ನಮ್ಮ ಟೋಪಿಗಳನ್ನೂ ಚಹಾ ಲೋಟಗಳನ್ನೂ ಹೊತ್ತು ನಿಂತು ಮಾಡಿದ ಉಪಕಾರವನ್ನು ಮರೆಯಲಾರೆ.

ಹಬ್ಬದ ದಿನ ಅಲ್ಹಾಜಿ ಯೂನುಸಾ ಅವರ ಕುದುರೆ ಕೆಂಪು ಹೊದಿಕೆ ತೊಟ್ಟು ಧೂಳೆಬ್ಬಿಸಿ ಹೋಯಿತು. ಡೇಲು ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ, "ಎಡಗಡೆ ಹೊಲಿಗೆ ಯಾಕೋ ನಗ್ತಾ ಇದೆ" ಎಂದರು. ಹಬ್ಬ ಮುಗಿದು ಹೊದಿಕೆ ಒರೆಸಲು ಬಂದಾಗ ಮಗುಚಿ ನೋಡಿದೆ. ಸವಾರರು ಕೂರುವ ಜಾಗದ ಅಡಿಯಲ್ಲಿ ಕಾನೋದವರು ಪುಟ್ಟದೊಂದು ಟೋಪಿಯ ಚಿತ್ರ ಹೊಲಿದಿದ್ದರು: ನನ್ನ ಟೋಪಿ. ಹಿರಿಯರು ಅದಕ್ಕೂ ನಕ್ಕು, ಮುಂದಿನ ಹಬ್ಬದ ಕೆಲಸವನ್ನು ನನಗೇ ಕೊಟ್ಟರು.

ಇನ್ನು ತಮ್ಮ ವಿಷಯ. ಡನ್‌ಲಾಮಿ ಹೊರಡುವ ಮುನ್ನ ತಮ್ಮ ಚಕ್ರದ ಮೇಲೆ ಕೈಯಿಟ್ಟದ್ದೇ ತಡ, ತಾವು ಒಂದು ಹರಕು ತುಂಡಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದೂ ಹೊಲಿಗೆ ಬಿಡದೆ ಓಡಿದಿರಿ. "ನೋಡು, ಮಿಷನ್ನು ಚೆನ್ನಾಗೇ ಇದೆ. ನಿನಗೆ ಮರ್ಯಾದೆಯಿಂದ ಕೇಳೋಕೆ ಬರಲ್ಲ, ಅಷ್ಟೆ" ಎಂದ ಅವನು. ಅವನ ಗಾಡಿ ಕೋಟೆ ಬಾಗಿಲು ದಾಟಿತು, ತಾವು ನಿಂತಿರಿ. ಆದ್ದರಿಂದಲೇ ಈ ಮರ್ಯಾದೆಯ ಪತ್ರ. ಸೂಜಿ ಮುರಿಯುವುದಿದ್ದರೆ ಒಂದು ವಾರ ಮೊದಲು ತಿಳಿಸುವ ಕೃಪೆ ಮಾಡಬೇಕು. ಎಣ್ಣೆಯನ್ನು ನನ್ನ ನಿಲುವಂಗಿಯ ಮೇಲೆ ಎಷ್ಟು ಬೇಕಾದರೂ ಚೆಲ್ಲಿ, ಚರ್ಮವನ್ನು ಬಿಟ್ಟುಬಿಡಬೇಕು. ಕಾನೋದ ನೆನಪಾದರೆ ನಮಗೆ ಹೇಳಿ ಅತ್ತುಬಿಡಬೇಕು, ನಾವೇ ಸಮಾಧಾನ ಮಾಡುತ್ತೇವೆ. ಇನುವಾ ತೆಗೆದಿಟ್ಟ ತುಂಡುಗಳನ್ನು ತಾವಾಗಿಯೇ ನುಂಗಿ ಮೊದಲಿನಂತಾಗಬೇಕು. ಇಷ್ಟು ದಿನ ತಮ್ಮನ್ನು ಬಾಯಿಗೆ ಬಂದಂತೆ ಬೈದೆ; ತಾವು ಜೀವಂತ ಇದ್ದೀರೆಂಬ ನಂಬಿಕೆಯಿಂದ ಬೈದೆ. ನಮ್ಮ ನಂಟಿನಲ್ಲಿ ಇಷ್ಟು ಮರ್ಯಾದೆಯ ಮಾತು ಕೇಳಿಬಂದರೆ ಯಾರೋ ಸತ್ತರೆಂದೇ ಅರ್ಥವೆಂಬುದು ಮೇಲಿನದನ್ನು ಓದಿದ ತಮಗೆ ಈಗ ಗೊತ್ತಿದೆ. ಚಾಪೆ ಇನ್ನೂ ಮಡಿಸಿಲ್ಲ, ಕೋಲಾ ಕಾಯಿ ನಾಲ್ಕು ಉಳಿದಿವೆ. ತಮ್ಮಿಂದ ಉತ್ತರ ಬರದಿದ್ದರೆ ನಾಳೆ ಮಧ್ಯಾಹ್ನ ಬೀದಿಯವರನ್ನೆಲ್ಲ ಮತ್ತೆ ಕರೆಯಬೇಕೆಂದಿದ್ದೇನೆ.

ತಮ್ಮ ವಿಶ್ವಾಸಿ,
ಟಂಕೋ, ಜೀನಿನವನು
(ಜೀವಂತ)

ಮರೆತ ಮಾತು: ಇದನ್ನು ಯಾರಾದರೂ ಕಾನೋದ ಮಾರುಕಟ್ಟೆಯಲ್ಲಿ ಓದಿ ಹೇಳುತ್ತಾರೆಂದು ಗೊತ್ತು, ಆದ್ದರಿಂದ ಈ ಸಾಲು ಡನ್‌ಲಾಮಿಗೆ. ಲೋ, ನಮ್ಮಜ್ಜನ ದಾಸ, ಟೋಪಿ ಕಳ್ಳ, ಹೋಗುವಾಗ ನೀನು "ಒಂದ್ಸಲ ಅತ್ತಾಗಿದೆ, ನಿಜವಾಗ್ಲೂ ಸತ್ತಾಗ ನಾನು ಬರಲ್ಲ" ಅಂದೆಯಲ್ಲ, ಬರಬೇಡ. ನಿನ್ನ ಸಾವಿಗೆ ಮಾತ್ರ ನಾನು ಬಂದೇ ಬರುತ್ತೇನೆ, ಅಳುತ್ತೇನೆ ಕೂಡ. ಆದರೆ ಒಳ್ಳೆಯ ದಾರ ಇನ್ನೂ ಬಂದಿಲ್ಲ, ಅದನ್ನು ಕಳಿಸದೆ ಸಾಯಲು ನಿನಗೆ ಅಪ್ಪಣೆಯಿಲ್ಲ.