ಗುಡುಗಿನ ವೇಳೆ ಕಿಟಕಿಗಳನ್ನು ಮೆಚ್ಚುವುದನ್ನು ಕೂಡಲೇ ನಿಲ್ಲಿಸುವ ಕುರಿತು

ಶಿಶುಪಾಲನಾ ಇಲಾಖೆ
(ಬಿರುಗಾಳಿ, ಗುಡುಗು ಮತ್ತು ತತ್ಸಂಬಂಧಿ ಅಳು ಶಾಖೆ)

ಸಂಖ್ಯೆ: ಶಿಪಾಇ/ಬಿಗುಅ/ಕಿಟಕಿ/೧೪ (ತಿದ್ದುಪಡಿಯ ತಿದ್ದುಪಡಿ)
ದಿನಾಂಕ: ಮೋಡ ಚದುರಿದ ಮರುದಿನ

ಸುತ್ತೋಲೆ

ವಿಷಯ: ಗಾಳಿಮಳೆಯ ವೇಳೆ ಶಿಶುಪಾಲನಾ ಕೇಂದ್ರದ ಚಿಕ್ಕ ಮಕ್ಕಳನ್ನು ಸುರಕ್ಷಿತವಾಗಿಯೂ ಸಮಾಧಾನವಾಗಿಯೂ ಇಡುವ ಬಗ್ಗೆ, ಹಾಗೂ ಆದೇಶವಿಲ್ಲದೆ ಕಿಟಕಿ ಮುಚ್ಚಿದ ಆಯಾ ಅವರನ್ನು ಕೆಲಸದಿಂದ ತೆಗೆಯಬೇಕೇ ಬೇಡವೇ ಎಂಬ ಬಗ್ಗೆ.

ಉಲ್ಲೇಖ: ೧) ಇದೇ ಕಚೇರಿಯ ಹಿಂದಿನ ಸುತ್ತೋಲೆ.
೨) ಆಯಾ ಅವರಿಗೆ ಕಾರಣ ಕೇಳಿ ನೀಡಿದ ನೋಟಿಸ್.
೩) ಸದರಿ ನೋಟಿಸಿಗೆ ಆಯಾ ಅವರು ನೀಡಿದ ಮೌಖಿಕ ಉತ್ತರ: "ಏನ್ ಸಾರ್ ಇದು, ತಮಾಷೆನಾ?"

ಪ್ರಸ್ತಾವನೆ:

ಹಿಂದಿನ ಸುತ್ತೋಲೆಯಲ್ಲಿ "ಗುಡುಗು ಕೇಳಿಸಿದ ತಕ್ಷಣ ಎಲ್ಲ ಕಿಟಕಿಗಳನ್ನು ಮೆಚ್ಚತಕ್ಕದ್ದು" ಎಂದು ಮುದ್ರಿತವಾಗಿದ್ದು, 'ಮುಚ್ಚತಕ್ಕದ್ದು' ಎಂಬ ಪದದ ಕೊಂಬು ಎಲ್ಲೋ ಕಳಚಿಬಿದ್ದು ಆ ಜಾಗದಲ್ಲಿ ಎತ್ವವೊಂದು ಬಂದು ಕುಳಿತಿದ್ದುದು ಈಗ ಇಲಾಖೆಯ ಗಮನಕ್ಕೆ ಬಂದಿರುತ್ತದೆ.

ಕೇಂದ್ರದ ಮೇಲ್ವಿಚಾರಕಿಯವರು ಇಲಾಖೆ ಹಾಕಿದ ಗೆರೆ ದಾಟುವವರಲ್ಲ. ಕಳೆದ ವಾರ ಮಕ್ಕಳು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಹೊತ್ತಿಗೆ ಮೊದಲ ಗುಡುಗು ಕೇಳಿಸಲಾಗಿ, ಅವರು ಎಲ್ಲ ಮಕ್ಕಳನ್ನೂ ತೆರೆದ ಕಿಟಕಿಯ ಮುಂದೆ ಸಾಲಾಗಿ ನಿಲ್ಲಿಸಿ "ಕಿಟಕಿ ಎಷ್ಟು ಜಾಣ! ಕಿಟಕಿ ಎಷ್ಟು ಚಂದ!" ಎಂದು ಹೇಳಿಕೊಟ್ಟಿರುತ್ತಾರೆ. ತಪಾಸಣೆಗೆಂದು ಹೋಗಿದ್ದ ಕೆಳಗೆ ಸಹಿ ಮಾಡಿದ ಅಧಿಕಾರಿಯವರೂ ನಿಯಮಕ್ಕೆ ತಲೆಬಾಗಿ, ಕಿಟಕಿಯ ಬಣ್ಣದ ಬಗ್ಗೆ ಎರಡು ಒಳ್ಳೆಯ ಮಾತನಾಡಿರುತ್ತಾರೆ.

ಅಷ್ಟರಲ್ಲಿ ಆಯಾ ಅವರು ಸೆರಗಿಗೆ ಕೈಯೊರೆಸಿಕೊಳ್ಳುತ್ತಾ ಬಂದು, "ಅಯ್ಯೋ, ಕಿಟಕಿ ಪಕ್ಕ ಒಗ್ದು ಹಾಕಿದ ಚಡ್ಡಿಯೆಲ್ಲಾ ನೆನೀತಾ ಇದೆ, ಸರ್ಕೊಳ್ರಪ್ಪಾ" ಎನ್ನುತ್ತಾ ಕಿಟಕಿಯನ್ನು ದಢಾರನೆ ಮುಚ್ಚಿ ಚಿಲಕ ಹಾಕಿದರು. ಮರುಕ್ಷಣವೇ ಹೊರಗಿನ ಮರದ ಕೊಂಬೆಯೊಂದು ಮುರಿದು ಅದೇ ಕಿಟಕಿಗೆ ಬಡಿಯಿತು. ಒಳಗೆ ಯಾರಿಗೂ ಏನೂ ಆಗಲಿಲ್ಲ. ಮೆಚ್ಚಬೇಕಾದ ಕಿಟಕಿಯನ್ನು ಮುಚ್ಚಿದ್ದಕ್ಕೆ ಆಯಾ ಅವರಿಗೆ ಅಂದೇ ನೋಟಿಸ್ ಜಾರಿಯಾಯಿತು.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಆದೇಶಿಸಲಾಗಿದೆ:

೧. ಇನ್ನು ಮುಂದೆ ಗುಡುಗು ಕೇಳಿಸಿದಲ್ಲಿ ಕಿಟಕಿಗಳನ್ನು ಮುಚ್ಚುವಂತೆ ಈ ಮೂಲಕ ಸೂಚಿಸಲಾಗಿದೆ. ಈಗಾಗಲೇ ಮೆಚ್ಚುವ ಅಭ್ಯಾಸವಾಗಿಬಿಟ್ಟಿರುವ ಮಕ್ಕಳು ಒಳಗೋಡೆಗೆ ಒರಗಿ, ದೂರದಿಂದ, ಚುಟುಕಾಗಿ ಮೆಚ್ಚಬಹುದು.

೨. ಮಕ್ಕಳನ್ನು ಕಿಟಕಿಯಿಲ್ಲದ ಹಾಸಿಗೆ ಕೋಣೆಗೆ, ಒಬ್ಬರ ಅಂಗಿಯನ್ನು ಇನ್ನೊಬ್ಬರು ಹಿಡಿದ ರೈಲಿನ ರೂಪದಲ್ಲಿ ಸಾಗಿಸತಕ್ಕದ್ದು. ಇಂಜಿನ್ ಯಾರೆಂಬ ಜಗಳ ಬಗೆಹರಿಯದಿದ್ದಲ್ಲಿ ಎಲ್ಲರನ್ನೂ ಇಂಜಿನ್ ಎಂದು ಘೋಷಿಸಿ, ಮೇಲ್ವಿಚಾರಕಿಯವರನ್ನು ಏಕೈಕ ಬೋಗಿಯೆಂದು ಪರಿಗಣಿಸಲಾಗುವುದು.

೩. ಗುಡುಗು ಎಂದರೇನು ಎಂದು ಮಗು ಕೇಳಿದಾಗ ಸಿಬ್ಬಂದಿ ಬಾಯಿಗೆ ಬಂದದ್ದು ಹೇಳುವಂತಿಲ್ಲ. ಆಯಾ ಅವರು ಅಂದು ನೀಡಿದ "ಮೇಲಿನ ಮನೆಯೋರು ಬೀರು ಎಳೀತಾ ಇದಾರೆ" ಎಂಬ ವಿವರಣೆಯನ್ನು ಇಲಾಖೆ ಪರಿಶೀಲಿಸಿದೆ. ಅದನ್ನು ಕೇಳಿದ ಮಗುವೊಂದು ಅಳು ನಿಲ್ಲಿಸಿ, "ನಿಧಾನಕ್ಕೆ ಎಳೀರೀ, ಕಾಲ್ ಮೇಲೆ ಬೀಳತ್ತೆ!" ಎಂದು ಸೂರಿನತ್ತ ಕೂಗಿದ್ದು, ಉಳಿದವರು ಬೀರು ಯಾವ ಮೂಲೆಗಿದ್ದರೆ ಚೆನ್ನ ಎಂಬ ಚರ್ಚೆಯಲ್ಲಿ ಮುಳುಗಿದ್ದರಿಂದ ಸದರಿ ಬೀರುವನ್ನು ಅಂಗೀಕರಿಸಲಾಗಿದೆ. ಒಂದು ಮಳೆಗೆ ಒಂದೇ ಬೀರು. ಮಂಚ, ಊಟದ ಮೇಜು ಇತ್ಯಾದಿ ಎಳೆಸಲು ಪೂರ್ವಾನುಮತಿ ಅಗತ್ಯ. ಕೇಂದ್ರಕ್ಕೆ ಮೇಲಂತಸ್ತೇ ಇಲ್ಲವೆಂಬ ಅಂಶವನ್ನು ಮಕ್ಕಳ ಗಮನಕ್ಕೆ ತರತಕ್ಕದ್ದಲ್ಲ.

೪. "ಅಳಬೇಡ" ಎಂದು ಗದರಿದರೆ ಅಳು ಜೋರಾಗುವುದು ಅನುಭವದಿಂದ ಕಂಡುಬಂದಿದೆ. ಆದಕಾರಣ ಅಳುವವರನ್ನು ಮಡಿಲಿಗೆ ತೆಗೆದುಕೊಳ್ಳತಕ್ಕದ್ದು. ಮಡಿಲುಗಳ ಕೊರತೆಯಿರುವುದರಿಂದ ಒಂದರಲ್ಲಿ ಇಬ್ಬರು ಹೊಂದಿಕೊಂಡು ಕೂರತಕ್ಕದ್ದು. ಮೇಲ್ವಿಚಾರಕಿಯವರು ತಮ್ಮ ಮಡಿಲಲ್ಲಿರುವ ಕಡತವನ್ನು ಕೆಳಗಿಡತಕ್ಕದ್ದು. ಕಡತ ಅಳುವುದಿಲ್ಲ.

೫. ಅಂದು ಕರೆಂಟು ಹೋಗಿ ಸಿಡಿಲು ಬಡಿದಾಗ ಕೆಳಗೆ ಸಹಿ ಮಾಡಿದ ಅಧಿಕಾರಿಯವರು ಹಾಸಿಗೆಗಳ ರಾಶಿಯ ಹಿಂದೆ ಕಂಡುಬಂದದ್ದು ಹಾಸಿಗೆಗಳ ಗುಣಮಟ್ಟವನ್ನು ಪರಿಶೀಲಿಸುವ ಸಲುವಾಗಿ ಎಂದು ಸ್ಪಷ್ಟಪಡಿಸಲಾಗಿದೆ. ಮೂಗು ಸುರಿಸುತ್ತಿದ್ದ ಹುಡುಗಿಯೊಬ್ಬಳು ಅವರ ಕೈ ಹಿಡಿದು "ಮಾಮ, ಅದು ಬೀರು ಅಷ್ಟೇ" ಎಂದದ್ದೂ ಪರಿಶೀಲನೆಯ ಭಾಗ. ಮಳೆ ನಿಲ್ಲುವವರೆಗೂ ಅವರು ಆ ಕೈ ಬಿಡಲಿಲ್ಲ ಎಂಬುದು ಪರಿಶೀಲನೆಯ ಭಾಗವಲ್ಲ. ಅವರಿಗೆ ಹೆದರಿಕೆಯಾಗಿತ್ತು.

೬. ಆಯಾ ಅವರ ವಿಚಾರ. ಮುಚ್ಚಿದ್ದೇಕೆ ಎಂದು ವಿಚಾರಣೆಯಲ್ಲಿ ಕೇಳಲಾಗಿ, "ಗಾಳಿ ಬಂದ್ರೆ ಕಿಟಕಿ ಹಾಕ್ದೆ ಇನ್ನೇನ್ ಹಾರ ಹಾಕ್ಲಾ ಸಾರ್?" ಎಂದಿರುತ್ತಾರೆ. ವಿಚಾರಣಾ ಸಮಿತಿಯು ಇದನ್ನು ಯಥಾವತ್ತಾಗಿ ದಾಖಲಿಸಿಕೊಂಡು, ಹಿಂದಿನ ಸುತ್ತೋಲೆಯನ್ನು ತರಿಸಿ ಓದಿತು. ಹಿಂದಿನ ಸುತ್ತೋಲೆಯ ಕರಡನ್ನು ಓದದೆ ಸಹಿ ಹಾಕಿದವರು ಯಾರೆಂದು ಪತ್ತೆ ಹಚ್ಚಲಾಗಿ, ಅದು ಕೆಳಗೆ ಸಹಿ ಮಾಡಿದ ಅಧಿಕಾರಿಯವರೇ ಎಂದು ತಿಳಿದುಬಂದಿದೆ. ತಪ್ಪೊಪ್ಪಿಕೊಳ್ಳಲು ಇಲಾಖೆಯಲ್ಲಿ ನಿಗದಿತ ನಮೂನೆ ಇಲ್ಲದ ಕಾರಣ ನೇರವಾಗಿಯೇ ಬರೆಯಲಾಗಿದೆ: ತಪ್ಪು ಅವರದು. ಆ ಕಿಟಕಿ ತೆರೆದೇ ಇದ್ದಿದ್ದರೆ ಏನಾಗುತ್ತಿತ್ತೆಂದು ನೆನೆದು ಅವರಿಗೆ ಇಂದಿಗೂ ಊಟ ಸೇರುತ್ತಿಲ್ಲ. ನೋಟಿಸನ್ನು ಹಿಂಪಡೆಯಲಾಗಿದೆ. ಆಯಾ ಅವರು ಕೆಲಸದಲ್ಲಿ ಮುಂದುವರಿಯತಕ್ಕದ್ದು, ದಯವಿಟ್ಟು.

೭. ಇಲಾಖೆಯ ಯಾವುದೇ ಸೂಚನೆ ತಲೆಬುಡವಿಲ್ಲದ್ದೆಂದು ಕಂಡುಬಂದಲ್ಲಿ, ಸಿಬ್ಬಂದಿಯು ಮೊದಲು ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋಗಿ, ಸ್ಪಷ್ಟೀಕರಣ ಕೋರಿ ಆಮೇಲೆ ಪತ್ರ ಬರೆಯತಕ್ಕದ್ದು.

ಸಹಿ/-
ಉಪ ನಿರ್ದೇಶಕರು
(ಈ ಬಾರಿ ಎರಡು ಸಲ ಓದಿದ್ದಾರೆ)

ಪ್ರತಿಗಳು:
೧. ಎಲ್ಲ ಕೇಂದ್ರಗಳ ಮೇಲ್ವಿಚಾರಕಿಯರಿಗೆ, ಬೋಗಿಯಾಗಲು ಸಿದ್ಧರಿರುವಂತೆ ಕೋರಿ.
೨. ಬೆರಳಚ್ಚುಗಾರರಿಗೆ, ಕೊಂಬುಗಳ ಮೇಲೆ ನಿಗಾ ಇಡಲು.
೩. ಆಯಾ ಅವರಿಗೆ, ಅಧಿಕಾರಿಯವರೇ ಖುದ್ದಾಗಿ ಹೋಗಿ ಕೊಡಲು, ಬೈದರೆ ಬೈಸಿಕೊಳ್ಳಲು.
೪. ಗುಡುಗಿಗೆ: ವಿಳಾಸ ದೊರೆಯದ ಕಾರಣ ತಡೆಹಿಡಿಯಲಾಗಿದೆ.
೫. ಅಧಿಕಾರಿಯವರ ಮನೆಯವರಿಗೆ, ಮಾಹಿತಿಗಾಗಿ: ಇನ್ನು ಮುಂದೆ ಮೋಡ ಕವಿದ ದಿನಗಳಲ್ಲಿ ಅವರು ತಪಾಸಣೆಯ ನಿಮಿತ್ತ ಮಕ್ಕಳ ಜೊತೆಗೇ ಇರುವುದರಿಂದ, ಪ್ರತಿ ಗುಡುಗಿಗೂ ಫೋನ್ ಮಾಡಿ "ಹೆದರ್ಬೇಡಿ, ನಾನಿದೀನಿ" ಎಂದು ಹೇಳುವ ಅಗತ್ಯವಿರುವುದಿಲ್ಲ. ಹೇಳಿದರೆ ಆಕ್ಷೇಪಣೆಯೂ ಇರುವುದಿಲ್ಲ.