‘ತನಿ’ಯನ್ನು ತನಿಖೆ ಎಂದು ಓದಿದ ಬಗ್ಗೆ

ಕಲಾ ಸಮನ್ವಯ ವಿಭಾಗ, ರಾಮನಗರ
ಸುತ್ತೋಲೆ ಸಂಖ್ಯೆ: ಕಸವಿ/ತನಿ/47/2025-26

ವಿಷಯ: ಮಾಗಡಿಯ ಮೃದಂಗ ವಾದಕರಾದ ಶ್ರೀ ಗಂಗಹನುಮಯ್ಯನವರ ಹದಿನೈದು ನಿಮಿಷಗಳನ್ನು ಅವರಿಗೆ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ:
1. ಬೊಂಬೆ ಪ್ರದರ್ಶನದ ಉದ್ಘಾಟನಾ ದಿನದ ಕಾರ್ಯಕ್ರಮ ಪಟ್ಟಿ.
2. ಕಾವಲು ಸಿಬ್ಬಂದಿಯ ವರದಿ (ತೊಡೆ ತಟ್ಟಿದ ಬಗ್ಗೆ).
3. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿ ಶ್ರೀಮತಿ ಕರೀಮುನ್ನೀಸಾ ಅವರ ಮೌಖಿಕ ತರಾಟೆ.

ಎಲ್ಲ ಸಿಬ್ಬಂದಿಯೂ ಕುಳಿತು, ಒಂದೇ ಸಲಕ್ಕೆ, ಪೂರ್ತಿ ಓದತಕ್ಕದ್ದು.

1. ಚನ್ನಪಟ್ಟಣದ ಬೊಂಬೆಗಳ ಪ್ರದರ್ಶನದ ಉದ್ಘಾಟನೆಯಂದು ವಿಭಾಗದ ಸಭಾಂಗಣದಲ್ಲಿ ಹಾಡುಗಾರಿಕೆ ಏರ್ಪಡಿಸಲಾಗಿತ್ತು. ಮೃದಂಗಕ್ಕೆ ಗಂಗಹನುಮಯ್ಯನವರು ಕುಳಿತಿದ್ದರು. ಹಾಡುವವರು ಸುಮ್ಮನಾಗಿ ಮೃದಂಗದವರೊಬ್ಬರೇ ನುಡಿಸುವ ಭಾಗಕ್ಕೆ ಸಂಗೀತದವರು ‘ತನಿ’ ಎನ್ನುತ್ತಾರೆಂಬುದು ಈಗ ವಿಭಾಗದ ಗಮನಕ್ಕೆ ಬಂದಿದೆ. ಆಗ ಬಂದಿರಲಿಲ್ಲ.

2. ಕಾರ್ಯಕ್ರಮ ಪಟ್ಟಿಯಲ್ಲಿ ‘ತನಿ – 15 ನಿ.’ ಎಂದಿತ್ತು. ಹದಿನೇಳು ವರ್ಷಗಳ ಸೇವೆಯಲ್ಲಿ ‘ತನಿ’ಯಿಂದ ಆರಂಭವಾಗುವ ಒಂದೇ ಒಂದು ಪದವನ್ನು ಕಂಡಿದ್ದ ವಿಷಯ ನಿರ್ವಾಹಕ ಶ್ರೀ ಅಶ್ವಥ್ ಅವರು ಅದನ್ನು ‘ತನಿಖೆ – 15 ನಿಮಿಷ’ ಎಂದು ವಿಸ್ತರಿಸಿ ಆದೇಶ ಹೊರಡಿಸಿರುತ್ತಾರೆ. ಅದರಂತೆ, ಗಂಗಹನುಮಯ್ಯನವರು ಕೈಯೆತ್ತಿದ ಕ್ಷಣಕ್ಕೆ ಸರಿಯಾಗಿ ತನಿಖಾಧಿಕಾರಿ ಕಡತದೊಂದಿಗೆ ವೇದಿಕೆ ಹತ್ತಿ, ಹುಟ್ಟಿದ ದಿನಾಂಕದಿಂದ ಹಿಡಿದು ಮೃದಂಗದ ಚರ್ಮ ಯಾವ ಪ್ರಾಣಿಯದೆಂಬುದರವರೆಗೆ ಹದಿನೈದು ನಿಮಿಷ ವಿಚಾರಿಸಿರುತ್ತಾರೆ. ಆ ವೇಳೆಗೆ ಸಭಾಂಗಣದ ಸಮಯ ಮುಗಿದಿತ್ತು.

3. ಗಂಗಹನುಮಯ್ಯನವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಮೂವತ್ನಾಕು ವರ್ಸ ಆಯ್ತು ಸಾಮಿ. ನನ್ ತನಿ ಬಂತು ಅನ್ನೋ ಹೊತ್ಗೆ ಒಂದ್ಸಲ ಯಾರ್ಗೋ ಶಾಲು ಹೊದಿಸ್ತಾರೆ, ಒಂದ್ಸಲ ಎಲ್ರೂ ಕಾಪಿಗೆ ಎದ್ದೋಯ್ತಾರೆ. ಒಂದ್ ದಪಾನೂ ಪೂರ್ತಿ ನುಡಿಸ್ನಿಲ್ಲ. ಈಗ ತನಿಖೇನೂ ಆಗೋಯ್ತು. ಸಾಕು. ಇದ್ನ ನಿಮ್ ಬೊಂಬೆ ಜತೇಲೇ ಮಡೀಕಳಿ.” ಹೀಗೆಂದವರೇ ಮೃದಂಗವನ್ನು ಮೇಜಿನ ಮೇಲಿಟ್ಟು ಮಾಗಡಿ ಬಸ್ಸು ಹತ್ತಿರುತ್ತಾರೆ.

4. ಮೇಜಿನ ಮೇಲೆ ಕಂಡುಬಂದ ವಸ್ತುವನ್ನು ನಿಯಮಾನುಸಾರ ಗಾಜಿನ ಪೆಟ್ಟಿಗೆಯಲ್ಲಿರಿಸಿ ಬೀಗ ಹಾಕಿ, ‘ವಸ್ತು ಸಂಖ್ಯೆ 48: ಮೃದಂಗ. ಮುಟ್ಟಬೇಡಿ’ ಎಂಬ ಫಲಕ ತೂಗುಹಾಕಲಾಗಿದೆ. ದಾಖಲಾದ ವಸ್ತುವನ್ನು ಹೊರತೆಗೆಯಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

5. ನಾಲ್ಕನೆಯ ದಿನದಿಂದ ಗಂಗಹನುಮಯ್ಯನವರು ಪ್ರತಿ ಬೆಳಿಗ್ಗೆ ಬಂದು, ಚೀಟಿ ಪಡೆದು, ಪೆಟ್ಟಿಗೆಯೆದುರು ಕುಳಿತು ಹೋಗುತ್ತಿರುವುದು ಕಂಡುಬಂದಿದೆ. ‘ಸದರಿಯವರು ವಿಭಾಗಕ್ಕೆ ತೊಡೆ ತಟ್ಟಿ ಸವಾಲು ಹಾಕುತ್ತಿದ್ದಾರೆ’ ಎಂದು ಕಾವಲು ಸಿಬ್ಬಂದಿ ಶ್ರೀ ಕನಕರಾಜು ವರದಿ ಮಾಡಿರುತ್ತಾರೆ. ಸಮಜಾಯಿಷಿ ಕೇಳಲಾಗಿ, “ಸವಾಲೂ ಇಲ್ಲ ಗಿವಾಲೂ ಇಲ್ಲ, ಕೈ ಸುಮ್ಕೆ ಇರಾಕಿಲ್ಲ ಕಣಪ್ಪ” ಎಂದಿರುತ್ತಾರೆ. ಇದನ್ನು ಓದಿ ಕೆಳಸಹಿದಾರರಿಗೆ ಬಹಳ ಬೇಸರವಾಗಿದೆ. ಬೇಸರಕ್ಕೆ ಪ್ರತ್ಯೇಕ ನಮೂನೆ ಇಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

6. ಮೃದಂಗದ ಎಡಭಾಗಕ್ಕೆ ಹಚ್ಚಲೆಂದು ಅವರು ತಂದಿದ್ದ ರವೆ ಕಣಕವನ್ನು, ಒಳಗೆ ತಿಂಡಿ ನಿಷಿದ್ಧವೆಂದು ಬಾಗಿಲಲ್ಲೇ ತಡೆಯಲಾಗಿದೆ. ಇನ್ನು ಮುಂದೆ ‘ಇದರಿಂದ ಉಪ್ಪಿಟ್ಟು ಮಾಡುವುದಿಲ್ಲ’ ಎಂಬ ಮುಚ್ಚಳಿಕೆ ಬರೆಸಿಕೊಂಡು ಒಳಗೆ ಬಿಡತಕ್ಕದ್ದು.

7. ತಮ್ಮ ಬೊಂಬೆಗಳನ್ನು ನೋಡಲು ಬಂದ ಕರೀಮುನ್ನೀಸಾ ಅವರು ಕೆಳಸಹಿದಾರರನ್ನು ಕುರ್ಚಿಯಿಂದ ಎಬ್ಬಿಸಿ, “ಬೊಂಬೆ ಗಾಜೊಳ್ಗೆ ಇದ್ರೆ ಇರ್ಲಿ ಸಾರ್, ಅದುಕ್ಕೇನೂ ಆಗಾಕಿಲ್ಲ. ಮೃದಂಗಕ್ಕೆ ದಿನಾ ಕೈ ಬೀಳ್ಬೇಕು. ಮುಟ್ಟಬ್ಯಾಡಿ ಅಂತ ಬೋರ್ಡ್ ಹಾಕಿದ್ದೀರಲ್ಲ, ಬುದ್ಧಿ ಐತಾ ನಿಮ್ಗೆ?” ಎಂದು ಕೇಳಿರುತ್ತಾರೆ. ಕೊನೆಯ ಪ್ರಶ್ನೆಯನ್ನು ಉತ್ತರಕ್ಕಾಗಿ ಸಂಬಂಧಪಟ್ಟ ಶಾಖೆಗೆ ಕಳುಹಿಸಲಾಗಿದೆ.

8. ಮುದ್ರಿತ ಆದೇಶದಲ್ಲಿನ ‘ತನಿಖೆ’ಯನ್ನು ತಿದ್ದುವಂತಿಲ್ಲ. ಆದರೆ ದಾಖಲಾದ ವಸ್ತುವನ್ನು ತನಿಖೆಗೆ ಸಾಕ್ಷ್ಯವಾಗಿ ಹಾಜರುಪಡಿಸಬಹುದೆಂದು, ನಿಯಮಾವಳಿಯನ್ನು ಮೂರು ದಿನ ತಿರುವಿಹಾಕಿದ ಮೇಲೆ ತಿಳಿದುಬಂದಿದೆ. ಆದ್ದರಿಂದ ಸದರಿ ತನಿಖೆಯನ್ನು ಇದೇ ತಿಂಗಳ 18ರಂದು ಬೆಳಿಗ್ಗೆ 11 ಗಂಟೆಗೆ ಮರು ಆರಂಭಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಗಂಗಹನುಮಯ್ಯನವರನ್ನು ಯಾರೂ ಏನೂ ಕೇಳತಕ್ಕದ್ದಲ್ಲ. ಅವರು ಹೇಳುವುದನ್ನೆಲ್ಲ ವಸ್ತು ಸಂಖ್ಯೆ 48ರ ಮೂಲಕವೇ ಹೇಳತಕ್ಕದ್ದು.

(ಆ) ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಎಲ್ಲ ಸಿಬ್ಬಂದಿ ಸಾಕ್ಷಿಗಳಾಗಿ ಹಾಜರಿರತಕ್ಕದ್ದು. ಹಾಜರಿ ಪುಸ್ತಕದಲ್ಲಿ ‘ಕಚೇರಿಯಲ್ಲಿದ್ದರು’ ಎಂದು ಬರೆದರೆ ಸಾಕು. ಎರಡೂ ಅರ್ಥದಲ್ಲಿ ನಿಜವಾಗುತ್ತದೆ.

(ಇ) ಕಾಫಿ ಫ್ಲಾಸ್ಕುಗಳನ್ನು ಕನಕರಾಜು ಅವರ ವಶಕ್ಕೆ ಒಪ್ಪಿಸತಕ್ಕದ್ದು. ಶಾಲುಗಳ ಬೀರುವಿಗೆ ಮೊಹರು ಹಾಕತಕ್ಕದ್ದು.

(ಈ) ಗಣ್ಯರು ಆಗಮಿಸಿದಲ್ಲಿ ಹೊರಗೆ ಚಪ್ಪಲಿ ಬಿಡುವ ಸ್ಥಳದಲ್ಲಿ ಕೂರಿಸಿ ಗೌರವಿಸತಕ್ಕದ್ದು.

(ಉ) ಅಶ್ವಥ್ ಅವರು ಮುಂದಿನ ಸಾಲಿನಲ್ಲಿ ಕುಳಿತು ಆದಿತಾಳ ಹಾಕತಕ್ಕದ್ದು. ಎಂಟರ ಬದಲು ಒಂಬತ್ತು ಎಣಿಸಿದಲ್ಲಿ ಒಂಬತ್ತನೆಯದಕ್ಕೆ ಕಾರಣ ಕೇಳಿ ನೋಟಿಸು ನೀಡಲಾಗುವುದು.

(ಊ) ತಲೆದೂಗಲು ಪೂರ್ವಾನುಮತಿ ಬೇಕಿಲ್ಲ.

(ಋ) ಹದಿನೈದು ನಿಮಿಷದ ನಂತರವೂ ಅವರ ಕೈ ನಿಲ್ಲದಿದ್ದಲ್ಲಿ ತನಿಖೆ ಪೂರ್ಣಗೊಂಡಿಲ್ಲವೆಂದು ಭಾವಿಸತಕ್ಕದ್ದು. ಅಲ್ಲಿಯವರೆಗೆ ಯಾರೂ ಏಳತಕ್ಕದ್ದಲ್ಲ.

ಸಹಿ/-
ಮುನಿಶಾಮಯ್ಯ
ಸಹಾಯಕ ನಿರ್ದೇಶಕರು (ಪ್ರಭಾರ)

ಪ್ರತಿಗಳು:
1. ತನಿಖಾಧಿಕಾರಿಗಳಿಗೆ – ಕಡತ ತರದೆ ಬರುವ ಸೂಚನೆಯೊಂದಿಗೆ.
2. ಶ್ರೀಮತಿ ಕರೀಮುನ್ನೀಸಾ, ಚನ್ನಪಟ್ಟಣ – ಬೋರ್ಡನ್ನು ತೆಗೆಯಲಾಗಿದೆ ಎಂಬ ಮಾಹಿತಿಗಾಗಿ.
3. ಸೂಚನಾ ಫಲಕಕ್ಕೆ.
4. ಶ್ರೀ ಗಂಗಹನುಮಯ್ಯ, ಮಾಗಡಿ – ಶ್ರುತಿ ಮಾಡಿಕೊಳ್ಳಲು ಒಂದು ದಿನ ಮೊದಲೇ ಬರುವಂತೆ ಕೋರಿ. ಲಗತ್ತು: ಪೆಟ್ಟಿಗೆಯ ಬೀಗದ ಕೈ. ಹಿಂದಿರುಗಿಸುವ ಅಗತ್ಯವಿಲ್ಲ.